ಶಾಲು ಬೇಡ, ಚೆಂಡು ಕೊಡಿ

ಮಂಡ್ಯದ ಕಡೆಯವರ ಬಾಯಿ ಒರಟು ಎಂದು ಹೊರಗಿನವರು ಹೇಳುತ್ತಾರೆ. ಅವರಿಗೆ ಅರ್ಧ ಮಾತ್ರ ಗೊತ್ತು. ನಾವು ಒರಟಾಗಿ ಮಾತಾಡುವುದು ನಮಗೆ ಬೇಕಾದವರ ಜೊತೆ. ಒಬ್ಬನನ್ನು ನಾವು 'ಲೇ', 'ಬಾರ್ಲಾ', 'ಮುಚ್ಕಂಡ್ ಕೂತ್ಕ' ಎನ್ನುತ್ತಿರುವವರೆಗೂ ಅವನಿಗೆ ಯಾವ ಅಪಾಯವೂ ಇಲ್ಲ. ಯಾವತ್ತು 'ಬನ್ನಿ, ತಾವು ಇಲ್ಲಿ ಕೂತ್ಕಳಿ' ಎಂದೆವೋ ಅವತ್ತಿಗೆ ಅವನ ಕಥೆ ಮುಗಿಯಿತು ಅಂತಲೇ ಲೆಕ್ಕ. ನಮ್ಮಲ್ಲಿ ಯಾರನ್ನೂ ಕುತ್ತಿಗೆ ಹಿಡಿದು ಆಚೆ ದಬ್ಬುವುದಿಲ್ಲ. ಕುತ್ತಿಗೆಗೆ ಹಾರ ಹಾಕಿ ದಬ್ಬುತ್ತೇವೆ. ನಮ್ಮೂರಿನ ಹಾಲಿನ ಡೇರಿಯ ಹಳೆಯ ಅಧ್ಯಕ್ಷರಿಗೆ ಹೀಗೇ ಒಂದು ಬೆಳಿಗ್ಗೆ ಸನ್ಮಾನವಾಯಿತು. ಶಾಲು, ಮೈಸೂರು ಪೇಟ, ಬಣ್ಣದ ಕಾಗದ ಸುತ್ತಿದ ಹಣ್ಣಿನ ಬುಟ್ಟಿ. ಆ ಬುಟ್ಟಿಯನ್ನು ಮನೆಯಲ್ಲಿಟ್ಟು ಅವರು ವಾಪಸ್ಸು ಬರುವಷ್ಟರಲ್ಲಿ ಅವರ ಕುರ್ಚಿಯಲ್ಲಿ ಇನ್ನೊಬ್ಬರು ಕೂತು ಫ್ಯಾನು ಜೋರು ಮಾಡಿಕೊಂಡಿದ್ದರು. ಪಾಪ, ಅಧ್ಯಕ್ಷರಿಗೆ ಜಗಳ ಆಡಲೂ ಆಗಲಿಲ್ಲ. ತಲೆಯ ಮೇಲೆ ಪೇಟ ಇಟ್ಟುಕೊಂಡು ಯಾರಾದರೂ ಜಗಳ ಆಡುತ್ತಾರೆಯೇ?

ಈ ಪದ್ಧತಿಯನ್ನು ನೋಡಿ ನಾನು ಬಹಳ ವರ್ಷ ನಕ್ಕಿದ್ದೇನೆ. ಸನ್ಮಾನಿತರು ಪೇಟ ಜಾರದಂತೆ ಕುತ್ತಿಗೆ ನೆಟ್ಟಗೆ ಹಿಡಿದು 'ನಾನೇನೂ ದೊಡ್ಡ ಕೆಲಸ ಮಾಡಿಲ್ಲ' ಎನ್ನುವುದನ್ನು ಅನುಕರಿಸಿ ತೋರಿಸಿ ಹತ್ತಾರು ಜನರನ್ನು ನಗಿಸಿದ್ದೇನೆ. ಆದರೆ ಹೋದ ತಿಂಗಳು ಅದೇ ಶಾಲು ನನ್ನ ಹೆಗಲನ್ನು ಹುಡುಕಿಕೊಂಡು ಬಂದಾಗ ನನಗೆ ನಗು ಬರಲಿಲ್ಲ. ಮೈಯೆಲ್ಲ ಉರಿಯಿತು. ಈಗ ಬರೆಯುವಾಗಲೂ ಉರಿಯುತ್ತಿದೆ. ನನಗೆ ಮೂವತ್ತೈದು. ಮದುವೆಯಾಗಿಲ್ಲ. ಆದ್ದರಿಂದ ಹೆಣ್ಣು ಹುಡುಕುವ ದಲ್ಲಾಳಿಗಳ ಪ್ರಕಾರ ನಾನು ಈಗಲೂ 'ಹುಡುಗ'. 'ಹುಡುಗ ಮದ್ದೂರಿನಲ್ಲಿ ಪಂಪ್‌ಸೆಟ್ ಅಂಗಡೀಲಿ ಅವ್ನೆ, ಹುಡುಗಂಗೆ ಯಾವ ಚಟವೂ ಇಲ್ಲ' ಎಂದು ಕೆರಗೋಡಿನಿಂದ ಮಳವಳ್ಳಿಯವರೆಗೆ ನನ್ನನ್ನು ಹುಡುಗ ಎಂದೇ ಮಾರಾಟಕ್ಕಿಟ್ಟಿದ್ದಾರೆ. ಭಾನುವಾರ ಬೆಳಿಗ್ಗೆ ಹೆಣ್ಣಿನ ಮನೆಯಲ್ಲಿ ಹುಡುಗನಾಗಿ ಉಪ್ಪಿಟ್ಟು ತಿಂದ ನಾನು ಅದೇ ಸಂಜೆ ರಗ್ಬಿ ಮೈದಾನಕ್ಕೆ ಬಂದರೆ 'ನಮ್ಮ ಹಿರಿಯರು' ಆಗಿಬಿಡುತ್ತೇನೆ. ಒಂದೇ ದೇಹ, ಒಂದೇ ಭಾನುವಾರ. ನಡುವೆ ಅಷ್ಟು ವಯಸ್ಸು ಎಲ್ಲಿಂದ ಬಂತು ಎಂದು ಯಾರಾದರೂ ವಿವರಿಸಬೇಕು.

ರಗ್ಬಿ ಎಂದೆನಲ್ಲ, ಗಾಬರಿಯಾಗಬೇಡಿ. ಕಬಡ್ಡಿ, ವಾಲಿಬಾಲ್ ಆಡುವ ನಮ್ಮ ನಾಡಿಗೆ ಈ ಆಟ ತಂದವರು ಶಿವಲಿಂಗೇಗೌಡರು, ನಮ್ಮ ಪಿ.ಟಿ. ಮೇಷ್ಟ್ರು. ಎಲ್ಲೋ ತರಬೇತಿಗೆ ಹೋದವರು ಕಂಕುಳಲ್ಲಿ ಒಂದು ಚೆಂಡು ಇರುಕಿಕೊಂಡು ಭಾರತೀನಗರದ ಬಸ್ ಸ್ಟ್ಯಾಂಡಿನಲ್ಲಿ ಇಳಿದರು. ಚೆಂಡು ದುಂಡಗಿರಲಿಲ್ಲ, ಪರಂಗಿ ಹಣ್ಣಿನ ಹಾಗಿತ್ತು. ಅಲ್ಲಿದ್ದವರು 'ಎಲ್ ತಗಂಡ್ರಿ ಸಾ, ಒಳ್ಳೆ ಗಾತ್ರ ಅದೆ' ಎಂದು ಕೇಳಿದರಂತೆ. ಆಟ ಬಹಳ ಸರಳ. ಚೆಂಡನ್ನು ತಬ್ಬಿಕೊಂಡು ಓಡಿ ಎದುರಾಳಿಯ ಗೆರೆಯಾಚೆ ನೆಲಕ್ಕೆ ಒತ್ತಬೇಕು. ಓಡುವವನನ್ನು ಎದುರಾಳಿಗಳು ಸೊಂಟ, ಕಾಲು, ಸಿಕ್ಕಿದ್ದನ್ನು ಹಿಡಿದು ಕೆಡವಬಹುದು. ಜೊತೆಯವನಿಗೆ ಚೆಂಡು ಎಸೆಯಬಹುದು, ಆದರೆ ಹಿಂದಕ್ಕೇ ಎಸೆಯಬೇಕು. ನಮ್ಮವ್ವ ಒಂದು ಸಲ ನೋಡಲು ಬಂದು ಇದೊಂದನ್ನು ಮಾತ್ರ ಒಪ್ಪಲಿಲ್ಲ. 'ಮುಂದ್ಕೋಗೋ ಗಾಡಿಗೆ ಹಿಂದ್ಲಿಂದ ಎತ್ತು ಕಟ್ದಂಗಾಯ್ತು. ಮುಂದೆ ಒಬ್ಬ ಸುಮ್ನೆ ನಿಂತವ್ನೆ, ಅವನ್ಗೆ ಎಸೆಯಕ್ಕೇನ್ ರೋಗ ನಿಂಗೆ?' ಎಂದು ಎಲ್ಲರೆದುರು ಬೈದಳು. ಅವಳು ಬೊಟ್ಟು ಮಾಡಿದ್ದು ಎದುರು ತಂಡದವನನ್ನು. ಊರಲ್ಲಿ ಹದಿನೈದು ಜನ ಒಟ್ಟಿಗೆ ಸಿಗುವುದು ಮದುವೆಯ ಪಂಕ್ತಿಯಲ್ಲಿ ಮಾತ್ರವಾದ್ದರಿಂದ ನಾವು ಏಳೇ ಜನರ ರಗ್ಬಿ ಆಡುತ್ತೇವೆ. ಮೊದಲ ಏಳರಲ್ಲಿ ನಾನೂ ಇದ್ದೆ, ಮದ್ದೂರಿನ ಮೆಕ್ಯಾನಿಕ್ ಇಮ್ರಾನನೂ ಇದ್ದ. ನಾವಿಬ್ಬರೂ ಒಂದೇ ವಯಸ್ಸಿನವರು. ಸೊಂಟ ಹಿಡಿದುಕೊಂಡ ಮೇಲೆ ಇಮ್ರಾನ್ ತಾನಾಗಿಯೇ ಆಟ ಬಿಟ್ಟು ನೀರಿನ ಬಾಟಲಿ, ಕಾಲಿಗೆ ಸುತ್ತುವ ಪಟ್ಟಿಗಳ ಉಸ್ತುವಾರಿ ವಹಿಸಿಕೊಂಡ. 'ಗಾಡಿ ರೋಡಲ್ಲಿ ನಿಲ್ಲೋ ಮುಂಚೆ ಶೆಡ್ಡಿಗೆ ಸೇರಿಸ್ಬೇಕು ಕಣ್ಲಾ ಸೋಮ' ಎನ್ನುತ್ತಿದ್ದ. ಆ ಮಾತು ಅವನ ಗಾಡಿಗೆ ಅನ್ವಯಿಸುತ್ತದೆ ಎಂದುಕೊಂಡು ನಾನೂ ತಲೆಯಾಡಿಸುತ್ತಿದ್ದೆ.

ತಂಡದಲ್ಲಿ ನನಗೆ ಆಟದಷ್ಟೇ ಹೆಸರು ಇರುವುದು ಅಣಕಕ್ಕೆ. ಯಾರನ್ನು ಬೇಕಾದರೂ ಅನುಕರಿಸಬಲ್ಲೆ. ಮೇಷ್ಟ್ರು ಸೀಟಿ ಬಾಯಲ್ಲಿಟ್ಟುಕೊಂಡೇ ಬೈಯುವುದು, ಬೈಗುಳದ ನಡುವೆ ಸೀಟಿ ತಾನಾಗಿ ಊದಿಕೊಳ್ಳುವುದು ನನ್ನ ಮೊದಲ ಐಟಂ. ನಮ್ಮ ನಾಯಕ ನಂದೀಶ ಇಪ್ಪತ್ತೆರಡರ ಹುಡುಗ. ಅವನು ವಾಟ್ಸಾಪಿನಲ್ಲಿ ಧ್ವನಿ ಸಂದೇಶ ಕಳಿಸುವ ಮುಂಚೆ ಗಂಟಲು ಸರಿಮಾಡಿಕೊಂಡು ಸಿನಿಮಾ ನಾಯಕನ ಹಾಗೆ 'ಹುಡುಗ್ರಾ...' ಎಂದು ಎಳೆಯುವುದು ಎರಡನೆಯದು. ಅಂಗಡಿಗೆ ಬಂದು ಮೋಟರು ಕೊಳ್ಳುವ ಗಿರಾಕಿಗಳು ಮೂರನೆಯದು. ಕೊನೆಗೆ ನನ್ನನ್ನೇ ನಾನು ಅಣಕಿಸುತ್ತಿದ್ದೆ: ಓಡುವಾಗ ನನ್ನ ಮಂಡಿ ಮಾಡುವ ಸದ್ದು, ಬಾವಿಯಲ್ಲಿ ನೀರಿಲ್ಲದಾಗ ಗಾಳಿ ಎಳೆಯುವ ಪಂಪಿನ ಸದ್ದು, ಇವೆರಡೂ ಒಂದೇ ಎಂದು ಬಾಯಲ್ಲೇ ಮಾಡಿ ತೋರಿಸುತ್ತಿದ್ದೆ. ಹುಡುಗರು ನೆಲದ ಮೇಲೆ ಉರುಳಾಡಿ ನಗುತ್ತಿದ್ದರು. ನಗಿಸಿದ್ದೇ ತಪ್ಪಾಯಿತು ನೋಡಿ. ಆ ಸದ್ದನ್ನು ಅವರು ಅಭ್ಯಾಸದ ವೇಳೆ ಕಿವಿಗೊಟ್ಟು ಕೇಳಲು ಶುರುಮಾಡಿದರು.

ಮೊದಲ ಸೂಚನೆ ಕಂಡದ್ದು ಹಿಡಿತದಲ್ಲಿ. ನಂದೀಶನನ್ನು ಹುಡುಗರು ಕೆಡವುವಾಗ ನೀವು ನೋಡಬೇಕು, ಹುಲ್ಲಿನ ಮೆದೆ ಮೇಲಿಂದ ಮೂಟೆ ಉರುಳಿಸಿದ ಹಾಗೆ ಕೆಡವುತ್ತಾರೆ. ನಾನು ಚೆಂಡು ಹಿಡಿದು ಬಂದರೆ? ಒಬ್ಬ ಹೆಗಲು ಹಿಡಿಯುತ್ತಾನೆ, ಇನ್ನೊಬ್ಬ ಬೆನ್ನಿಗೆ ಕೈ ಕೊಡುತ್ತಾನೆ, ತುಂಬಿದ ಬಸ್ಸಿನಿಂದ ಮುದುಕರನ್ನು ಇಳಿಸುವ ಹಾಗೆ ನಿಧಾನಕ್ಕೆ ನೆಲಕ್ಕೆ ಇಳಿಸುತ್ತಾರೆ. ಇದನ್ನಾದರೂ ಸಹಿಸಬಹುದಿತ್ತು. ಒಂದು ದಿನ ಪ್ರಜ್ವಲ ಎಂಬ ಹುಡುಗ ನನ್ನ ಕಾಲು ಹಿಡಿದು ಕೆಡವಿದವನು ಎದ್ದು ನನ್ನ ಮಂಡಿ ಮುಟ್ಟಿ, ಆ ಕೈಯನ್ನು ಕಣ್ಣಿಗೆ ಒತ್ತಿಕೊಂಡ. ದೊಡ್ಡವರಿಗೆ ಕಾಲು ತಗುಲಿದರೆ ಮಾಡುತ್ತೇವಲ್ಲ, ಹಾಗೆ. ನನಗೆ ಕಣ್ಣು ಕತ್ತಲಿಟ್ಟಿತು.

'ಏನ್ಲಾ ಇದು?' ಎಂದೆ.

'ಕಾಲ್ ತಗುಲ್ತಲ್ಲಣ್ಣ, ಅದ್ಕೆ' ಎಂದ.

'ಲೇ, ಇದು ರಗ್ಬಿ ಕಣ್ಲಾ! ಕಾಲ್ ತಗುಲ್ದೆ ಇನ್ನೇನ್ ಮಂತ್ರಾಕ್ಸತೆ ತಗುಲ್ತದಾ?'

ಅವನು ಅದಕ್ಕೂ ತಪ್ಪಾಯಿತು ಎಂದು ಇನ್ನೊಮ್ಮೆ ಮಂಡಿ ಮುಟ್ಟಿ ಕಣ್ಣಿಗೊತ್ತಿಕೊಂಡ. ಇಂಥವರ ಜೊತೆ ಜಗಳ ಆಡುವುದು ಹೇಗೆ?

ಆಮೇಲೆ ಫ್ಲೆಕ್ಸ್ ಬಂತು. ಮಳವಳ್ಳಿ ತಂಡದ ಜೊತೆ ಭಾರತೀನಗರದ ಬಯಲಿನಲ್ಲಿ ಪಂದ್ಯ ಎಂದು ಗೊತ್ತಾಗಿತ್ತು. ಅದರ ಫ್ಲೆಕ್ಸನ್ನು ಬಸ್ ಸ್ಟ್ಯಾಂಡಿನ ಎದುರು ಕಟ್ಟಿದ್ದರು. ಬೆಳಿಗ್ಗೆ ಅಂಗಡಿಗೆ ಹೋಗಲು ಬಸ್ಸಿಗೆ ನಿಂತವನು ತಲೆಯೆತ್ತಿ ನೋಡಿದರೆ ಆಟಗಾರರ ಫೋಟೋಗಳೆಲ್ಲ ಕೆಳಗೆ ಸಾಲಾಗಿ ಪುಟ್ಟದಾಗಿವೆ, ಹುಡುಗರೆಲ್ಲ ಕಪ್ಪು ಕನ್ನಡಕ ಹಾಕಿ ಎದೆಯ ಮೇಲೆ ಕೈ ಕಟ್ಟಿದ್ದಾರೆ. ಅವರಲ್ಲಿ ನಾನಿಲ್ಲ. ನಾನು ಮೇಲಿದ್ದೆ. ದೊಡ್ಡದಾಗಿ, ಒಬ್ಬನೇ, ತಲೆಯ ಸುತ್ತ ಹಳದಿ ಪ್ರಭೆಯ ಸಮೇತ. ಕೆಳಗೆ 'ತಂಡದ ಹಿರಿಯ ಆಟಗಾರರಾದ ಶ್ರೀ ಸೋಮಶೇಖರ್ ಅವರಿಗೆ ಅಭಿಮಾನಪೂರ್ವಕ ಸನ್ಮಾನ' ಎಂದಿತ್ತು. ಪಕ್ಕದಲ್ಲಿ ನಿಂತಿದ್ದ ಹೆಂಗಸೊಬ್ಬರು ಫ್ಲೆಕ್ಸ್ ನೋಡಿ 'ಅಯ್ಯೋ ಪಾಪ, ಯಾವಾಗ್ ತೀರ್ಕಂಡ್ರಂತೆ?' ಎಂದರು. ನಾನು ಕರವಸ್ತ್ರದಿಂದ ಮುಖ ಮುಚ್ಚಿಕೊಂಡು ಮುಂದಿನ ಬಸ್ಸಿಗೆ ಕಾಯದೆ ಸಿಕ್ಕಿದ ಕಬ್ಬಿನ ಲಾರಿ ಹತ್ತಿದೆ.

ಸಂಜೆ ಮೈದಾನದಲ್ಲಿ ನಂದೀಶನನ್ನು ಹಿಡಿದುಕೊಂಡೆ. 'ಯಾವನ್ಲಾ ನಿಂಗೆ ಯೋಳ್ದೋನು ನಾನು ಆಟ ಬುಡ್ತೀನಿ ಅಂತ?'

'ಬುಡಿ ಅಂತ ಯಾರ್ ಅಂದ್ರಣ್ಣ? ಗೌರವ ಕಣಣ್ಣ ಇದು. ನೀವು ಸ್ಟೇಜ್ ಮೇಲೆ ಕೂತ್ಕಳಿ, ಮೈಕ್ ನಿಮ್ಗೇ ಕೊಡ್ತೀವಿ. ನಿಮ್ಮಂಗೆ ಕಾಮೆಂಟ್ರಿ ಯೋಳೋರು ಜಿಲ್ಲೇಲೇ ಇಲ್ಲ.'

'ಗೌರವ ಯಾವಾಗ್ ಬಂತ್ಲಾ ನಿಂಗೆ? ಓದ್ ವಾರ ನನ್ ಬೈಕ್ ತಗಂಡೋಗಿ ಪೆಟ್ರೋಲ್ ಖಾಲಿ ಮಾಡಿ ಕೆರೆ ಏರಿ ಮೇಲೆ ಬುಟ್ಟು ಬಂದ್ಯಲ್ಲ, ಅವತ್ತೆಲ್ಲೋಗಿತ್ತು?'

'ಅದು ಬ್ಯಾರೆ, ಇದು ಬ್ಯಾರೆ ಅಣ್ಣ.'

ಮೇಷ್ಟ್ರ ಬಳಿ ಹೋದೆ. ಅವರು ಸೀಟಿ ಬಾಯಿಂದ ತೆಗೆದರು. ಅವರು ಸೀಟಿ ತೆಗೆದು ಮಾತಾಡುತ್ತಾರೆಂದರೆ ವಿಷಯ ತೀರ್ಮಾನವಾಗಿದೆ ಎಂದರ್ಥ. 'ನೋಡು ಸೋಮ, ವಯಸ್ಸು ಅನ್ನೋದು ಎಲ್ಲರ್ಗೂ ಬತ್ತದೆ. ಹುಡುಗ್ರಿಗೆ ಜಾಗ ಬುಡೋದ್ರಲ್ಲಿ ಒಂದು ಘನತೆ ಅದೆ' ಎಂದರು. ಮೇಷ್ಟ್ರಿಗೆ ಐವತ್ತೆಂಟು. ಅವರು ಯಾರಿಗೂ ಯಾವ ಜಾಗವನ್ನೂ ಬಿಟ್ಟದ್ದನ್ನು ನಾನು ಕಂಡಿಲ್ಲ, ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟನ್ನು ಸೇರಿಸಿ. ನನ್ನ ಕೌಶಲವನ್ನೇ ನನ್ನ ವಿರುದ್ಧ ತಿರುಗಿಸಿದ್ದರು. ಊರಿನವರನ್ನೆಲ್ಲ ಅಣಕಿಸಿದ್ದಕ್ಕೆ ಶಿಕ್ಷೆಯಾಗಿ ಮೈಕ್ ಮುಂದೆ ಕೂತು, ನನ್ನ ಜಾಗದಲ್ಲಿ ಪ್ರಜ್ವಲ ಆಡುವುದನ್ನು ನಾನೇ ವರ್ಣಿಸಬೇಕಂತೆ!

'ಒಂದ್ ಮಾತ್ ಯೋಳ್ತೀನಿ ಕೇಳು' ಎಂದ ಇಮ್ರಾನ್, ನನ್ನ ಮಂಡಿಗೆ ಪಟ್ಟಿ ಸುತ್ತುತ್ತ. 'ಶಾಲು ಒದ್ಸೋವರ್ಗೂ ನೀನು ಪ್ಲೇಯರ್ರೇ. ಒದ್ಸಿದ್ ಮ್ಯಾಲೆ ಅತಿಥಿ. ಅತಿಥಿ ಮೈದಾನಕ್ಕೆ ಇಳಿಯಂಗಿಲ್ಲ. ಅಷ್ಟ್ರೊಳ್ಗೆ ಏನ್ ಮಾಡ್ತಿಯೋ ಮಾಡ್ಕ.'

ಪಂದ್ಯದ ಮಧ್ಯಾಹ್ನ ನಾನು ಇಸ್ತ್ರಿ ಮಾಡಿದ ಬಿಳಿ ಅಂಗಿಯ ಒಳಗೆ ಆಟದ ಬನಿಯನ್ನು, ಪಂಚೆಯ ಒಳಗೆ ಚಡ್ಡಿ ಹಾಕಿಕೊಂಡು ಹೋದೆ. ವೇದಿಕೆಯ ಮೇಲೆ ಕುರ್ಚಿ, ಕುರ್ಚಿಯ ಪಕ್ಕ ತಟ್ಟೆಯಲ್ಲಿ ಮಡಿಸಿಟ್ಟ ಶಾಲು, ಅದರ ಮೇಲೆ ಪೇಟ. ನನ್ನ ಗೋರಿಯ ಪಕ್ಕ ನಾನೇ ಕೂತ ಹಾಗಿತ್ತು. ಆದರೆ ಶಾಲು ಹೊದಿಸಬೇಕಾದ ಮುಖ್ಯ ಅತಿಥಿಗಳು ಬರಲಿಲ್ಲ. ನಮ್ಮ ಕಡೆ ಮುಖ್ಯ ಅತಿಥಿಗಳು ಹೊತ್ತಿಗೆ ಸರಿಯಾಗಿ ಬಂದರೆ ಅವರು ಅಷ್ಟೇನೂ ಮುಖ್ಯರಲ್ಲ ಎಂದು ಜನ ತಿಳಿಯುತ್ತಾರೆ. ಫೋನು ಮಾಡಿದರೆ 'ಮದ್ದೂರ್ ಬುಟ್ವಿ' ಎನ್ನುತ್ತಿದ್ದರು. ಎಷ್ಟು ಸಲ ಕೇಳಿದರೂ ಮದ್ದೂರನ್ನೇ ಬಿಡುತ್ತಿದ್ದರು. ಮಳವಳ್ಳಿಯ ಹುಡುಗರು ಬಿಸಿಲಲ್ಲಿ ಕಾದು ಕಾದು 'ಆಡ್ಸೀರೋ, ವಾಪಸ್ ಓಗಣೋ' ಎಂದು ಗಲಾಟೆ ಶುರುಮಾಡಿದ್ದರಿಂದ ಸನ್ಮಾನವನ್ನು ಮುಂದಕ್ಕೆ ಹಾಕಿ ಪಂದ್ಯ ಆರಂಭಿಸಿದರು.

ನಾನು ಮೈಕ್ ಹಿಡಿದೆ. ಕಾಮೆಂಟ್ರಿಯಲ್ಲಿ ನನ್ನ ಹೊಟ್ಟೆಯುರಿಯನ್ನೆಲ್ಲ ತೀರಿಸಿಕೊಂಡೆ. 'ಈಗ ಚೆಂಡು ಪ್ರಜ್ವಲನ ಕೈಯಲ್ಲಿ... ಈಗ ಇಲ್ಲ' ಎಂದರೆ ಜನ ನಕ್ಕರು. ಆದರೂ ಹುಡುಗರು ಚೆನ್ನಾಗಿಯೇ ಆಡಿದರು, ಅದು ಬೇರೆ ಸಂಕಟ. ಎರಡೂ ತಂಡ ಸಮಸಮ ಇರುವಾಗ, ಆಟ ಮುಗಿಯಲು ಇನ್ನೇನು ಸ್ವಲ್ಪ ಇದೆ ಎನ್ನುವಾಗ ಪ್ರಜ್ವಲ ಪಾದ ಉಳುಕಿಸಿಕೊಂಡು ಕೂತುಬಿಟ್ಟ. ಬದಲಿಗೆ ಇಳಿಯಬೇಕಾದ ಇಬ್ಬರನ್ನೂ ಮೇಷ್ಟ್ರೇ ಮುಖ್ಯ ಅತಿಥಿಗಳಿಗೆ ದಾರಿ ತೋರಿಸಲು ಬೈಕಿನಲ್ಲಿ ಕಳಿಸಿದ್ದರು! ಮೇಷ್ಟ್ರು ಬೆಂಚಿನ ಕಡೆ ನೋಡಿದರು. ಬೆಂಚಿನ ಮೇಲೆ ಇಮ್ರಾನ್ ಒಬ್ಬನೇ, ಬಾಟಲಿಗಳ ನಡುವೆ. ಅವನು ನನ್ನತ್ತ ತಿರುಗಿ ಕೂಗಿದ: 'ಶಾಲು ಇನ್ನೂ ಒದ್ಸಿಲ್ವಲ್ಲಾ! ನುಗ್ಗಲಾ!'

ಮೈಕನ್ನು ಕುರ್ಚಿಯ ಮೇಲಿಟ್ಟೆ. ಅಂಗಿ, ಪಂಚೆ ಕಳಚಿದೆ. ಹೆಂಗಸರು ಕಿರುಚಿದರು, ಒಳಗೆ ಚಡ್ಡಿ ಕಂಡ ಮೇಲೆ ಸಮಾಧಾನವಾದರು. ನಂದೀಶ ನನ್ನನ್ನು ಅಂಚಿನಲ್ಲಿ, ಯಾರಿಗೂ ತೊಂದರೆಯಾಗದ ಜಾಗದಲ್ಲಿ ನಿಲ್ಲಿಸಿದ. 'ಅಣ್ಣ, ಚೆಂಡು ಬಂದ್ರೆ ಇಡ್ಕಬ್ಯಾಡಿ, ಬೇಗ ಕೊಟ್ಬುಡಿ' ಎಂದು ಬೇಡಿಕೊಂಡ. ಇದನ್ನು ಕೇಳಲು ನಾನು ಪಂಚೆ ಬಿಚ್ಚಬೇಕಿತ್ತೇ? ಬರಲಿ ಚೆಂಡು, ಯಾವ ಅಪ್ಪನಿಗೂ ಕೊಡುವುದಿಲ್ಲ ಎಂದು ಹಲ್ಲು ಕಚ್ಚಿ ನಿಂತೆ.

ಚೆಂಡು ಬಂತು. ಬೇರೆ ಯಾರಿಗೋ ಎಸೆದದ್ದು ಪುಟಿದು, ಪರಂಗಿ ಹಣ್ಣಿನ ಆಕಾರಕ್ಕೆ ತಕ್ಕ ಹಾಗೆ ಅಡ್ಡಾದಿಡ್ಡಿ ಹಾರಿ, ನನ್ನ ತೋಳಿಗೆ ಬಂದು ಸೇರಿತು. ಓಡಿದೆ. ಎಷ್ಟು ವರ್ಷದ ಸಿಟ್ಟು ಕಾಲಿಗೆ ಇಳಿದಿತ್ತೋ, ಒಬ್ಬನನ್ನು ದಾಟಿದೆ, ಇನ್ನೊಬ್ಬ ಜಾರಿ ಬಿದ್ದ. ಗೆರೆ ಎದುರಿಗೇ ಕಾಣುತ್ತಿತ್ತು. ಗೆರೆಯ ಮುಂದೆ ಮಳವಳ್ಳಿಯವರ ಕೊನೆಯ ಆಟಗಾರ, ಬೋರ್‌ವೆಲ್ ಕೊರೆಯುವ ಲಾರಿಯಂಥ ಹುಡುಗ, ತೋಳು ಚಾಚಿಕೊಂಡು ನನ್ನ ಮೇಲೇ ಬರುತ್ತಿದ್ದ. ತಪ್ಪಿಸಲೆಂದು ಬಲಕ್ಕೆ ಕಾಲು ಹೊರಳಿಸಿದೆ. ಮಂಡಿಯೊಳಗೆ ಏನೋ 'ಕಟಕ್' ಎಂದಿತು. ನಾನು ಆ ಹುಡುಗನ ವಂಶವನ್ನೇ ಬೈಯಬೇಕೆಂದು ಬಾಯಿ ತೆರೆದೆ. ಬಾಯಿಂದ ಬಂದದ್ದು ಬೇರೆ. 'ಅಯ್ಯಯ್ಯಪ್ಪೋ... ಸಿವನೇ... ನಿಧಾನ ಕಣಪ್ಪೋ...' ನಡುಗುವ, ಗೊರಗೊರ ಎನ್ನುವ, ಎಂಬತ್ತರ ಮುದುಕನ ದನಿ.

ಆ ಹುಡುಗನೂ ನಮ್ಮ ನೆಲದವನೇ ತಾನೇ. ಇಂಥ ದನಿ ಕೇಳಿದರೆ ನಮ್ಮ ಮಕ್ಕಳ ಕೈಕಾಲು ತಾವಾಗಿಯೇ ನಿಲ್ಲುತ್ತವೆ. ಚಾಚಿದ್ದ ತೋಳು ಸರಕ್ಕನೆ ಹಿಂದೆ ಹೋಯಿತು. ಪಕ್ಕಕ್ಕೆ ಸರಿದು, ನನ್ನ ಮೊಣಕೈಗೆ ಆಸರೆಗೆಂದು ಕೈ ಕೂಡ ಕೊಟ್ಟ. 'ಉಸಾರು ತಾತ' ಎಂದ. ತಾತ ಚೆಂಡಿನ ಸಮೇತ ಗೆರೆಯಾಚೆ ಬಿದ್ದ. ಸೀಟಿ ಮೊಳಗಿತು. ಗೆದ್ದೆವು.

ಹಿಂದಿನಿಂದ ಮಳವಳ್ಳಿಯ ನಾಯಕ ಅರಚುವುದು ಕೇಳಿಸಿತು. 'ಯಾಕ್ಲಾ ಬುಟ್ಟೆ ಅವನ್ನ?'

'ಬಿದ್ದೋಯ್ತರೆ ಅಂತ ಕಣ್ಲಾ! ಕೇಳಿಸ್ನಿಲ್ವಾ ನಿಂಗೆ?'

ನಮ್ಮ ಹುಡುಗರು ನನ್ನನ್ನು ಎತ್ತಿ ಕುಣಿದರು, ಈ ಸಲ ಯಾವ ಎಚ್ಚರಿಕೆಯೂ ಇಲ್ಲದೆ, ಮೂಟೆಯ ಹಾಗೆ. ಅಷ್ಟರಲ್ಲಿ ಮುಖ್ಯ ಅತಿಥಿಗಳು ಮದ್ದೂರನ್ನು ನಿಜವಾಗಿಯೂ ಬಿಟ್ಟು ಬಂದರು. ತಟ್ಟೆಯಲ್ಲಿ ಶಾಲಿದೆ, ಪೇಟವಿದೆ, ಹೊದಿಸುವವರಿದ್ದಾರೆ. ಆದರೆ ಈಗ ತಾನೇ ಗೆಲ್ಲಿಸಿದವನಿಗೆ ನಿವೃತ್ತಿ ಕೊಡುವ ಧೈರ್ಯ ನಂದೀಶನಿಗಿಲ್ಲ. ತಂದ ಶಾಲನ್ನು ಯಾರಿಗೂ ಹೊದಿಸದೆ ವಾಪಸ್ಸು ಒಯ್ಯುವುದು ನಮ್ಮ ಕಡೆ ಅಪಶಕುನ. ಇಮ್ರಾನ್ ಮೈಕ್ ಎತ್ತಿಕೊಂಡ. 'ಈ ಆಟವನ್ನ ನಮ್ಮ ಮಣ್ಣಿಗೆ ತಂದಂಥ ಗುರುಗಳು ಶಿವಲಿಂಗೇಗೌಡ್ರು ವೇದಿಕೆಗೆ ಬರಬೇಕು' ಎಂದುಬಿಟ್ಟ. ಚಪ್ಪಾಳೆ ಮುಗಿಯುವ ಮುಂಚೆ ಮೇಷ್ಟ್ರ ತಲೆಯ ಮೇಲೆ ಪೇಟ ಕೂತಿತ್ತು. 'ಯಾಕ್ರೋ? ನಾನ್ ಎಲ್ಲಿಗೋಯ್ತಾ ಇದೀನಿ?' ಎಂದು ಅವರು ಕೇಳುತ್ತಲೇ ಇದ್ದರು. ಪೇಟದ ಕೆಳಗೆ ಅವರ ಮುಖ ಕೆಂಪೇರಿದ್ದನ್ನು ನಾನು ತೃಪ್ತಿಯಿಂದ ನೋಡಿದೆ. 'ಘನತೆ ಅದೆ ಮೇಷ್ಟ್ರೆ' ಎಂದೆ.

ಆದರೆ ನನ್ನ ಸಿಟ್ಟು ಅಲ್ಲಿಗೆ ಮುಗಿಯಲಿಲ್ಲ, ಅದಕ್ಕೆ ಕಾರಣ ನಂದೀಶ. ಅವನು ಬಂದು ನನ್ನ ಕೈ ಹಿಡಿದು ಕುಲುಕಿದ. 'ಅಣ್ಣ, ನಿಮ್ ಕಾಲಿಗ್ ಬೀಳ್ಬೇಕು. ಆ ಟೈಮಲ್ಲಿ ಮಿಮಿಕ್ರಿ ಒಳೆಯೋದು ಅಂದ್ರೆ! ಏನ್ ವಾಯ್ಸು ಅಣ್ಣ, ಎಂಬತ್ತು ವರ್ಸದ್ ಮುದ್ಕ ಕಣ್ಮುಂದೆ ನಿಂತಂಗಾಯ್ತು. ಯಾರ್ದು ಅದು?'

ನಾನು ಮಂಡಿ ನೀವಿಕೊಳ್ಳುತ್ತ, 'ಇಲ್ಲೇ ಒಬ್ರು ಅವ್ರೆ. ಇತ್ತೀಚ್ಗೆ ಪರಿಚಯ ಆದ್ರು' ಎಂದೆ.

ಈಗ ತಂಡದಲ್ಲಿ ನನ್ನ ಜಾಗ ಭದ್ರ. ಮಂಡ್ಯದವರ ಮೇಲಿನ ಪಂದ್ಯಕ್ಕೆ ಮೊದಲ ಹೆಸರೇ ನನ್ನದು. ಅಂಚಿನಲ್ಲಿ ಚೆಂಡು ನನಗೇ ಕೊಡಬೇಕು, ಕೊನೆಯ ಆಟಗಾರ ಎದುರಾದಾಗ ನಾನು 'ತಾತನ ವಾಯ್ಸು' ತೆಗೆಯಬೇಕು ಎನ್ನುವುದು ನಂದೀಶನ ಯೋಜನೆ. ಕಾಲು, ವೇಗ, ಹಿಡಿತ ಯಾವುದನ್ನೂ ನಂಬದವರು ನನ್ನ ನರಳಾಟವನ್ನು ನಂಬಿ ತಂಡಕ್ಕೆ ಸೇರಿಸಿಕೊಂಡಿದ್ದಾರೆ, ಇದಕ್ಕಿಂತ ಅವಮಾನ ಇನ್ನೇನಿದೆ ಹೇಳಿ. ನಾನು ಕೂಡಲೇ ಒಪ್ಪಿಕೊಂಡೆ. ಮೊನ್ನೆ ಅಭ್ಯಾಸದಲ್ಲಿ ಹುಡುಗರು ಸುತ್ತ ನಿಂತು ಇನ್ನೊಮ್ಮೆ ಮಾಡಿ ತೋರಿಸಿ ಎಂದರು. ಗಂಟಲು ನಡುಗಿಸಿದೆ, ಬೆನ್ನು ಬಗ್ಗಿಸಿದೆ, 'ಅಯ್ಯಪ್ಪೋ' ಎಂದೆ. ಯಾವುದೋ ನಾಟಕದ ಮುದುಕನ ಹಾಗೆ ಬಂತು. ನಂದೀಶ ಮೂಗು ಮುರಿದ. 'ಇಲ್ಲ ಅಣ್ಣ, ಇದು ಮಿಮಿಕ್ರಿ ಅಂತ ಗೊತ್ತಾಯ್ತದೆ. ಅವತ್ತಿಂದು ಒರ್ಜಿನಲ್ ಇದ್ದಂಗಿತ್ತು' ಎಂದ. 'ಅದೆಲ್ಲ ಪಂದ್ಯದ ದಿನವೇ ಬರೋದು ಕಣ್ಲಾ, ಕಲಾವಿದರ ಮನಸ್ಸು ನಿಂಗೇನ್ ಗೊತ್ತು' ಎಂದು ಗದರಿಸಿ, ಬೂಟು ಬಿಚ್ಚಲೆಂದು ವೇದಿಕೆಯ ಮೆಟ್ಟಿಲ ಮೇಲೆ ಕೂರಲು ಮಂಡಿ ಬಗ್ಗಿಸಿದೆ. ಆಗ ಬಂತು ನೋಡಿ, ಅದೇ ದನಿ, ಒಂದಕ್ಷರ ಕಡಿಮೆಯಿಲ್ಲದೆ, ಶಿವನ ಸಮೇತ. ಅಷ್ಟರಲ್ಲಿ ಮೈದಾನದ ಆಚೆ ತುದಿ ತಲುಪಿದ್ದ ಹುಡುಗರೆಲ್ಲ ಶಿಳ್ಳೆ ಹೊಡೆದು ಚಪ್ಪಾಳೆ ತಟ್ಟಿದರು. ಕಲಾವಿದನಾದವನು ಚಪ್ಪಾಳೆಗೆ ಎದ್ದು ನಿಂತು ವಂದಿಸಬೇಕಲ್ಲ. ಎದ್ದೆ. ಏಳುವಾಗ ಇನ್ನೊಮ್ಮೆ ಬಂತು. ಅದಕ್ಕೂ ಚಪ್ಪಾಳೆ.